ತೊಲೇದೊದಲ್ಲಿ ಬೀಗರ ಮನೆ

‘ದೇಶ ಸುತ್ತು, ಕೋಶ ಓದು’ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಎರಡರಲ್ಲಿ ಯಾವುದು ಮೊದಲು ಎಂಬುದನ್ನು ಮಾತ್ರ ಅವರು ಹೇಳಿಹೋಗಲಿಲ್ಲ. ನಾನು ಕೋಶದಿಂದ ಪ್ರಾರಂಭಿಸಿದೆ. ಅದರ ಫಲವಾಗಿ ದೂರದೇಶದ ಒಂದು ಮನೆಯವರ ಮನಸ್ಸು ಎರಡು ವರ್ಷ ನೊಂದಿತ್ತು. ಆಮೇಲೆ ದೇಶ ಸುತ್ತಿದೆ. ಆ ನೋವು ನನಗೆ ತಿಳಿದದ್ದೂ ಅಲ್ಲಿಯೇ, ಅದು ತಿಳಿಯಾದದ್ದೂ ಅಲ್ಲಿಯೇ. ಸ್ಪೇನ್ ದೇಶದ ತೊಲೇದೊ ಎಂಬ ಊರನ್ನು ನೋಡಿಬಂದ ಕಥೆಯನ್ನು ನಮ್ಮ ಸಂಘದ ಬಂಧುಗಳ ಮುಂದಿಡುವಾಗ, ಆ ಊರಿನ ಕೋಟೆಕೊತ್ತಳಗಳಿಗಿಂತ ಹೆಚ್ಚಾಗಿ ಒಂದು ಇಂಗ್ಲಿಷ್ ಶಬ್ದದ ಮಾತನ್ನೇ ಆಡಬೇಕಾಗಿ ಬಂದಿದೆ. ವಾಚಕರು ಕ್ಷಮಿಸಬೇಕು.

ನಾನು ಧಾರವಾಡದ ಕಡೆಯವನು. ಹೊಟ್ಟೆಪಾಡಿಗೆಂದು ಮುಂಬಯಿಗೆ ಬಂದು ನಲವತ್ತು ವರ್ಷಗಳ ಮೇಲಾಯಿತು. ನಮ್ಮ ವಾಚಕರಲ್ಲಿ ಬಹುಮಂದಿಯ ಮನೆಯಂತೆ ನಮ್ಮ ಮನೆಯಲ್ಲಿಯೂ ಒಂದೊಂದು ಭಾಷೆಗೆ ಒಂದೊಂದು ಸ್ಥಾನ ನಿಶ್ಚಯವಾಗಿತ್ತು: ಕಚೇರಿಗೆ ಇಂಗ್ಲಿಷ್, ರೈಲಿಗೆ ಹಿಂದಿ, ನೆರೆಹೊರೆಗೆ ಮರಾಠಿ, ಅಡಿಗೆಮನೆಗೆ ಕನ್ನಡ. ಕಚೇರಿಯಲ್ಲಿ ಪತ್ರವ್ಯವಹಾರ ನೋಡಿಕೊಳ್ಳುವ ಕೆಲಸ ನನ್ನದು. ನನ್ನ ಇಂಗ್ಲಿಷಿಗೆ ಮೇಲಿನವರು ತಲೆದೂಗುತ್ತಿದ್ದರು. ನಾನೂ ಒಳಗೊಳಗೇ ತಲೆದೂಗುತ್ತಿದ್ದೆ. ಇಂಗ್ಲಿಷ್ ಒಂದಿದ್ದರೆ ಜಗತ್ತಿನ ಯಾವ ಬೀಗವನ್ನಾದರೂ ತೆರೆಯಬಹುದೆಂದು ನಂಬಿದ್ದೆ. ಬೀಗದ ಮಾತಿರಲಿ, ಬೀಗರ ಮನಸ್ಸನ್ನು ಅದರಿಂದ ತೆರೆಯಲಾಗದೆಂದು ತಿಳಿಯಲು ನನಗೆ ಅರವತ್ತಾರು ವರ್ಷ ಬೇಕಾಯಿತು.

ನಮ್ಮ ಹಿರಿಯ ಮಗ ಮ್ಯಾಡ್ರಿಡ್ ನಗರದಲ್ಲಿ ಕೆಲಸದಲ್ಲಿದ್ದಾನೆ. ೨೦೨೩ರಲ್ಲಿ ಅವನು ತೊಲೇದೊದ ಒಬ್ಬ ಹುಡುಗಿಯನ್ನು ನೋಂದಣಿ ಪದ್ಧತಿಯಿಂದ ಮದುವೆಯಾದ. ಆಗ ನನ್ನ ಹೆಂಡತಿಗೆ ಮೊಣಕಾಲಿನ ಶಸ್ತ್ರಕ್ರಿಯೆಯಾಗಿದ್ದುದರಿಂದ ನಾವು ಹೋಗಲಾಗಲಿಲ್ಲ. ಹೋಗದಿದ್ದರೇನು, ಬೀಗರಿಗೆ ಒಂದು ಕಾಗದವನ್ನಾದರೂ ಬರೆಯುವುದು ಧರ್ಮ. ಮಗನ ಸಹಾಯ ಕೇಳಲು ಮನಸ್ಸಾಗಲಿಲ್ಲ. ಯಂತ್ರದ ಸಹಾಯವಂತೂ ಬೇಡವೇ ಬೇಡ. ಆಯುಷ್ಯವೆಲ್ಲ ಪತ್ರ ಬರೆದ ಕೈ ಇದು! ಹಳೆಯ ಪುಸ್ತಕದಂಗಡಿಯಿಂದ ಇಂಗ್ಲಿಷ್–ಸ್ಪ್ಯಾನಿಷ್ ಕಿರುಕೋಶವೊಂದನ್ನು ತಂದು, ಮೂರು ರಾತ್ರಿ ಕುಳಿತು, ಒಂದು ಪುಟ ಬರೆದೆ. ಅದರ ಜೀವಾಳವಾದ ವಾಕ್ಯ ನನ್ನ ಮನಸ್ಸಿನಲ್ಲಿ ಇಂಗ್ಲಿಷಿನಲ್ಲಿಯೇ ಹುಟ್ಟಿತ್ತು: ‘ವಿ ಸಪೋರ್ಟ್ ದಿಸ್ ಮ್ಯಾರೇಜ್.’ ‘ಸಪೋರ್ಟ್’ ಎಂಬಲ್ಲಿ ಕೋಶವು ನಾಲ್ಕು ಶಬ್ದಗಳನ್ನು ಸಾಲಾಗಿ ನಿಲ್ಲಿಸಿತ್ತು: ಸೊಸ್ತೆನೇರ್, ಅಪೊಯಾರ್, ಮಾಂತೆನೇರ್, ಸೊಪೊರ್ತಾರ್. ಜಾತ್ರೆಯಲ್ಲಿ ಅಪರಿಚಿತರ ನಡುವೆ ಒಂದು ಪರಿಚಿತ ಮುಖ ಕಂಡರೆ ಕೈ ತಾನಾಗಿ ಅತ್ತ ಚಾಚುತ್ತದೆ. ‘ಸಪೋರ್ಟ್–ಸೊಪೊರ್ತಾರ್’: ಅಣ್ಣತಮ್ಮಂದಿರಂತೆ ಇದ್ದವು. ನಾನು ತಮ್ಮನನ್ನು ಆರಿಸಿ ಅಂಚೆಗೆ ಹಾಕಿದೆ.

ಉತ್ತರ ಬಂತು, ಎರಡು ಸಾಲು, ಅತಿ ಸಭ್ಯ. ಆಮೇಲೆ ಕಾಗದವಿಲ್ಲ. ಫೋನಿನ ತೆರೆಯ ಮೇಲೆ ಬೀಗರು ಕಾಣಿಸಿಕೊಂಡರೂ ಕೈಮುಗಿದು ಬದಿಗೆ ಸರಿದುಬಿಡುತ್ತಿದ್ದರು. “ಯುರೋಪಿನವರು ಹೀಗೆಯೇ, ಸ್ವಲ್ಪ ಬಿಗಿ” ಎಂದು ನಾನು ತೀರ್ಪು ಕೊಟ್ಟೆ.

೨೦೨೫ರ ಏಪ್ರಿಲಿನಲ್ಲಿ ನಾವಿಬ್ಬರೂ ಮ್ಯಾಡ್ರಿಡ್ ತಲುಪಿದೆವು. ಹತ್ತು ತಿಂಗಳ ಮೊಮ್ಮಗಳನ್ನು ಕಣ್ತುಂಬ ನೋಡಿ ಎರಡು ದಿನವಾದ ಮೇಲೆ, ಭಾಷೆಯ ಅಭ್ಯಾಸ ಪ್ರಾರಂಭವಾಯಿತು. ಸೊಸೆಯೇ ಗುರು. ನಾನು ಕೋಶವನ್ನೂ ಟಿಪ್ಪಣಿಪುಸ್ತಕವನ್ನೂ ಹಿಡಿದ ವಿದ್ಯಾರ್ಥಿ. ನನ್ನ ಹೆಂಡತಿ ಬಟಾಟೆ ಹೆಚ್ಚುತ್ತ ಕಿವಿಗೊಟ್ಟ ವಿದ್ಯಾರ್ಥಿನಿ. ಅವಳ ಸಂಶಯಗಳನ್ನು ಮಗ ಕನ್ನಡದಲ್ಲಿಯೇ ಬಗೆಹರಿಸುತ್ತಿದ್ದ.

‘ಟೈಮ್’ ಎಂಬ ಶಬ್ದಕ್ಕೆ ಸ್ಪ್ಯಾನಿಷಿನಲ್ಲಿ ಏನೆಂದು ನಾನು ಕೇಳಿದೆ. “ಯಾವ ಟೈಮ್?” ಎಂದಳು ಸೊಸೆ. ಗಡಿಯಾರದಲ್ಲಿ ಎಷ್ಟಾಯಿತು ಎಂದಾದರೆ ‘ಓರಾ’. ಬಿಡುವಿಲ್ಲ, ಸಮಯವಿಲ್ಲ ಎಂದಾದರೆ ‘ತಿಯೆಂಪೊ’. ಮೂರು ಬಾರಿ ಎಂದಾದರೆ ‘ಬೆಥ್’. ನಾನು ಮೂರನ್ನೂ ಬರೆದುಕೊಂಡು, ಮೂರನ್ನೂ ಕಲಸಿಕೊಂಡೆ. ಹೆಂಡತಿ ಮಾತ್ರ “ಗಂಟೆ, ಹೊತ್ತು, ಸಲ” ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಸಾಯಂಕಾಲ ಒಂದನ್ನೂ ತಪ್ಪಲಿಲ್ಲ. ಮರುದಿನ ‘ನೋ’, ಅಂದರೆ ತಿಳಿ ಎಂಬ ಅರ್ಥದ ಶಬ್ದ ಬಂತು. ವಿಷಯ ಗೊತ್ತಿದ್ದರೆ ‘ಸಬೇರ್’, ಮನುಷ್ಯನ ಅಥವಾ ಊರಿನ ಪರಿಚಯವಿದ್ದರೆ ‘ಕೊನೊಥೇರ್’. “ಗೊತ್ತು ಬ್ಯಾರೆ, ಪರಿಚಯ ಬ್ಯಾರೆ, ಇದರಾಗ ಏನ್ ಕಷ್ಟ?” ಎಂದಳು ಅವಳು. ‘ಪ್ಲೇ’ ಎಂದರೆ ಚೆಂಡಿಗೆ ‘ಹುಗಾರ್’, ವೀಣೆಗೆ ‘ತೊಕಾರ್’; ನಮ್ಮಲ್ಲಿ ಚೆಂಡು ಆಡುತ್ತೇವೆ, ವೀಣೆ ನುಡಿಸುತ್ತೇವೆ. ‘ಸ್ಪ್ರಿಂಗ್’ ಎಂದರೆ ಒಂದು ಕಡೆ ವಸಂತ ಋತು, ಒಂದು ಕಡೆ ನೀರಿನ ಚಿಲುಮೆ, ಒಂದು ಕಡೆ ಗಾದಿಯೊಳಗಿನ ಸುರುಳಿ ತಂತಿ. ಸ್ಪ್ಯಾನಿಷಿನಲ್ಲಿ ಪ್ರಿಮವೇರಾ, ಮನಂತಿಯಾಲ್, ಮುವೆಯ್ಯೆ ಎಂದು ಮೂರು ಮನೆ. ‘ಯು’ ಎಂಬ ಒಂದೇ ಶಬ್ದಕ್ಕೆ ಗೆಳೆಯನಾದರೆ ‘ತೂ’, ಗೌರವಕ್ಕೆ ‘ಉಸ್ತೆದ್’. ನೀನು–ನೀವುಗಳ ಭೇದವನ್ನು ಹಾಲಿನೊಂದಿಗೆ ಕುಡಿದು ಬೆಳೆದವರಿಗೆ ಇದನ್ನು ಕಲಿಸಬೇಕಾಗಿಯೇ ಇರಲಿಲ್ಲ. ಆದರೂ ಇಂಗ್ಲಿಷನ್ನು ನಡುವೆ ನಿಲ್ಲಿಸಿಕೊಂಡ ನಾನು ನಾಲ್ಕು ದಿನ ತಡವರಿಸಿದೆ. ಅಷ್ಟೊಂದು ಓದಿದ ನಾನು ಹಿಂದೆ ಬಿದ್ದು, ಓದದವಳು ಮುಂದೆ ಹೋಗುವುದರ ಮರ್ಮ ಆಗ ನನಗೆ ಹೊಳೆಯಲಿಲ್ಲ. ಅವಳಿಗೆ ಜ್ಞಾಪಕಶಕ್ತಿ ಹೆಚ್ಚು ಎಂದುಕೊಂಡು ಸುಮ್ಮನಾದೆ.

ಬೀದಿಯಲ್ಲಿ ನನ್ನ ಕೋಶಪಾಂಡಿತ್ಯದ ಪರೀಕ್ಷೆ ಬೇಗನೆ ಆಯಿತು. ಹೆಂಡತಿಯ ಮೊಣಕಾಲು ನೋವಿಗೆ ಔಷಧ ತರಲೆಂದು, ಹಸಿರು ಶಿಲುಬೆಯ ದೀಪವಿದ್ದ ಅಂಗಡಿಗೆ ಹೋದೆ. ಇಂಗ್ಲಿಷಿನ ‘ಡ್ರಗ್’ ಎಂಬುದನ್ನು ನೆಚ್ಚಿ “ದ್ರೋಗಾ ಬೇಕು” ಎಂದೆ. ಅಂಗಡಿಯ ಹೆಂಗಸು ನನ್ನ ನರೆತ ತಲೆಯನ್ನು ಒಮ್ಮೆ, ಕೈಯಲ್ಲಿದ್ದ ಛತ್ರಿಯನ್ನು ಒಮ್ಮೆ ನೋಡಿ ನಕ್ಕುಬಿಟ್ಟಳು. ಅವರಲ್ಲಿ ಔಷಧಕ್ಕೆ ‘ಮೆದಿಕಮೆಂತೊ’. ‘ದ್ರೋಗಾ’ ಎಂದರೆ ಸಾಮಾನ್ಯವಾಗಿ ಅಮಲಿನ ಪದಾರ್ಥ. ಮಾತ್ರೆ ತೆಗೆದುಕೊಂಡು ಹೊರಗೆ ಬಂದು, ಮನೆಯ ದಾರಿ ಕೇಳಿದೆ. ಒಬ್ಬರು “ತೋದೊ ದೆರೇಚೊ” ಎಂದು ಕೈ ಚಾಚಿದರು. ‘ರೈಟ್’ ಎಂದರೆ ‘ದೆರೇಚೊ’ ಎಂದು ಕೋಶದಲ್ಲಿತ್ತಲ್ಲ, ಬಲಕ್ಕೆ ತಿರುಗಿದೆ. ಬಲಕ್ಕೆ ಎನ್ನಲು ‘ದೆರೇಚಾ’; ‘ದೆರೇಚೊ’ ಎಂದರೆ ಹಕ್ಕು, ಕಾನೂನು ಮತ್ತು ನೇರ! ನೇರವಾಗಿ ಹೋಗಬೇಕಾದವನು ತಿರುತಿರುಗಿ ಕೊನೆಗೆ ರೆತೀರೊ ಉದ್ಯಾನವನ್ನು ಸೇರಿದೆ. ಬೆವರುತ್ತಿದ್ದ ನನ್ನನ್ನು ನೋಡಿ ಒಬ್ಬ ಮುದುಕರು “ಬಾಂಕೊದಲ್ಲಿ ಕೂತುಕೊಳ್ಳಿ” ಎಂದರು. ಉದ್ಯಾನದಲ್ಲಿ ಬ್ಯಾಂಕೆಲ್ಲಿ ಎಂದು ನಾನು ಸುತ್ತಲೂ ಹುಡುಕಿದೆ. ಅವರು ಕಲ್ಲಿನ ಆಸನವನ್ನು ತಟ್ಟಿ ತೋರಿಸಿದರು. ಸ್ಪ್ಯಾನಿಷಿನ ‘ಬಾಂಕೊ’ ಹಣವಿಡುವ ಸ್ಥಳವೂ ಹೌದು, ಕುಳಿತುಕೊಳ್ಳುವ ಬೆಂಚೂ ಹೌದು; ಹಿಂದಿನ ಕಾಲದಲ್ಲಿ ನಾಣ್ಯ ಬದಲಿಸುವವರು ಬೆಂಚಿನ ಮೇಲೆಯೇ ವ್ಯಾಪಾರ ನಡೆಸುತ್ತಿದ್ದುದರಿಂದ ಬ್ಯಾಂಕಿಗೆ ಆ ಹೆಸರು ಬಂದದ್ದು.

ರಾತ್ರಿ ಇದನ್ನೆಲ್ಲ ಹೇಳಿ ನಗುತ್ತಿದ್ದಾಗ, ಮಗ ನಗಲಿಲ್ಲ. ಅಮೆರಿಕದ ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಭಾಗದಲ್ಲಿ ಔಷಧದಂಗಡಿಯವರು ಸ್ಪ್ಯಾನಿಷ್ ಜನರಿಗಾಗಿ ಯಂತ್ರದಿಂದ ಭಾಷಾಂತರಿಸಿ ಅಂಟಿಸುತ್ತಿದ್ದ ಚೀಟಿಗಳನ್ನು ಪರೀಕ್ಷಿಸಿ, ೨೦೧೦ರಲ್ಲಿ ಒಂದು ವರದಿ ಪ್ರಕಟವಾಯಿತಂತೆ. ಪರೀಕ್ಷಿಸಿದ ಚೀಟಿಗಳಲ್ಲಿ ಅರ್ಧದಷ್ಟರಲ್ಲಿ ತಪ್ಪುಗಳಿದ್ದುವು. ಇಂಗ್ಲಿಷಿನಲ್ಲಿ ದಿನಕ್ಕೆ ‘ಒಮ್ಮೆ’ ಎನ್ನಲು ಬರೆಯುವ ‘ಒನ್ಸ್’ ಎಂಬುದರ ನಾಲ್ಕು ಅಕ್ಷರಗಳನ್ನೇ ಸ್ಪ್ಯಾನಿಷಿನವನು ಓದಿದರೆ ಅದು ‘ಹನ್ನೊಂದು’ ಎಂಬ ಸಂಖ್ಯೆ! ದಿನಕ್ಕೆ ಒಂದು ಮಾತ್ರೆ ಎಲ್ಲಿ, ಹನ್ನೊಂದು ಎಲ್ಲಿ? ಶಬ್ದದ ಮುಖ ನೋಡಿ ಮೋಸಹೋದರೆ ಪ್ರಾಣಕ್ಕೂ ಕುತ್ತು ಬರಬಹುದೆಂದು ನಾನು ಮೊದಲ ಸಲ ಯೋಚಿಸಿದೆ. ನನ್ನ ಕಾಗದದ ನೆನಪು ಮಾತ್ರ ಆಗಲೂ ಬರಲಿಲ್ಲ.

ಭಾನುವಾರ ಬೆಳಿಗ್ಗೆ ತೊಲೇದೊಗೆ ಹೊರಟೆವು. ಮ್ಯಾಡ್ರಿಡ್ಡಿನ ಅತೋಚಾ ನಿಲ್ದಾಣದಿಂದ ವೇಗದ ರೈಲಿನಲ್ಲಿ ಅರ್ಧ ಗಂಟೆಯ ಮೇಲೆ ಸ್ವಲ್ಪ, ಅಷ್ಟೆ. ಇಳಿದ ನಿಲ್ದಾಣವೇ ಅರಮನೆಯಂತಿದೆ: ಇಟ್ಟಿಗೆಯ ಕಮಾನುಗಳು, ಬಣ್ಣದ ಬಿಲ್ಲೆಗಳು, ಮೂರರ ಶೈಲಿಯ ಜಾಲಂದರಗಳು. ಹೊರಗೆ ಬಂದರೆ ತಾಹೊ ನದಿ ಊರನ್ನು ಮೂರು ಕಡೆಯಿಂದ ತಬ್ಬಿಕೊಂಡು ಹರಿಯುತ್ತದೆ. ಬಂಡೆಯ ಗುಡ್ಡದ ಮೇಲೆ ಕಂದುಬಣ್ಣದ ಮನೆಗಳು ಒಂದರ ಹೆಗಲ ಮೇಲೊಂದು ಕುಳಿತಿವೆ. ೧೯೮೬ರಲ್ಲಿ ಇಡೀ ಹಳೆಯ ಊರನ್ನು ಯುನೆಸ್ಕೊ ಸಂಸ್ಥೆ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ನದಿಯ ಮೇಲಿನ ಹಳೆಯ ಸೇತುವೆಯ ಹೆಸರು ಅಲ್ಕಾಂತರಾ. ಅರಬ್ಬಿಯಲ್ಲಿ ಆ ಮಾತಿನ ಅರ್ಥವೇ ಸೇತುವೆ. ಆದ್ದರಿಂದ ‘ಅಲ್ಕಾಂತರಾ ಸೇತುವೆ’ ಎಂದರೆ ‘ಸೇತುವೆ ಸೇತುವೆ’. ನಮ್ಮವರು ‘ಗೇಟುಬಾಗಿಲು’ ಎನ್ನುವುದಿಲ್ಲವೇ, ಹಾಗೆ.

ಮೊಣಕಾಲಿನವಳನ್ನು ಕರೆದುಕೊಂಡು ಗುಡ್ಡ ಹತ್ತುವುದು ಸಾಧ್ಯವಿರಲಿಲ್ಲ. ಬಸ್ಸಿನಲ್ಲಿ ಥೊಕೊದೊಬೇರ್ ಚೌಕಕ್ಕೆ ಹೋಗಿ, ಒಂದು ‘ಬಾಂಕೊ’ ನೋಡಿ ಕುಳಿತೆವು. ಹಿಂದೆ ಇಲ್ಲಿ ದನಕುದುರೆಗಳ ಸಂತೆ ನಡೆಯುತ್ತಿತ್ತು. ಆ ಹೆಸರೂ ಅರಬ್ಬಿಯದೇ. ಬೀಗರ ಮನೆಯ ಊಟಕ್ಕೆ ಎರಡು ಗಂಟೆಯಾಗಬೇಕು. ಅಲ್ಲಿಯವರೆಗೆ ಮಗ ಊರಿನ ಕಥೆ ಹೇಳಿದ. ಕಥೆ ನನ್ನ ವೃತ್ತಿಗೇ ಸಂಬಂಧಪಟ್ಟದ್ದಾಗಿತ್ತು.

ತೊಲೇದೊ ೧೦೮೫ರಲ್ಲಿ ಮುಸ್ಲಿಂ ಅರಸರ ಕೈಯಿಂದ ಕ್ರೈಸ್ತ ಅರಸನ ಕೈಸೇರಿತು. ರಾಜ್ಯ ಬದಲಾದರೂ ಪುಸ್ತಕಗಳು ಉಳಿದುವು. ಗಣಿತ, ವೈದ್ಯ, ಖಗೋಳ, ತತ್ತ್ವ, ಎಲ್ಲವೂ ಅರಬ್ಬಿಯಲ್ಲಿ. ಅವನ್ನು ಓದಲು ಯುರೋಪಿನ ಪಂಡಿತರು ಇಲ್ಲಿಗೆ ಬಂದರು. ಇಟಲಿಯ ಕ್ರೆಮೋನಾ ಊರಿನ ಜೆರಾರ್ಡ್ ಎಂಬಾತ ಒಂದು ಗ್ರಂಥಕ್ಕಾಗಿ ಬಂದವನು ಇಲ್ಲಿಯೇ ನಿಂತು, ೧೧೮೭ರಲ್ಲಿ ಸಾಯುವಷ್ಟರಲ್ಲಿ ಎಪ್ಪತ್ತಕ್ಕೂ ಹೆಚ್ಚು ಗ್ರಂಥಗಳನ್ನು ಲ್ಯಾಟಿನ್ನಿಗೆ ತಂದ. ೧೨೫೧ರಲ್ಲಿ ‘ಕಲೀಲಾ ಎ ದಿಮ್ನಾ’ ಎಂಬ ಕಥಾಗ್ರಂಥ ಅರಬ್ಬಿಯಿಂದ ಈ ದೇಶದ ಆಡುಮಾತಿಗೆ ಬಂತು. ಅದನ್ನು ಮಾಡಿಸಿದವನು ಮರುವರ್ಷವೇ ಪಟ್ಟಕ್ಕೆ ಬಂದ ಅಲ್ಫೋನ್ಸೊ. ಕಲೀಲಾ, ದಿಮ್ನಾ ಎಂದರೆ ಯಾರು? ನಮ್ಮ ಕರಟಕ, ದಮನಕ! ಪಂಚತಂತ್ರದ ನರಿಗಳು ಸಂಸ್ಕೃತದಿಂದ ಪಹ್ಲವಿಗೆ, ಅಲ್ಲಿಂದ ಅರಬ್ಬಿಗೆ, ಅಲ್ಲಿಂದ ಇಲ್ಲಿಗೆ ನಡೆದುಬಂದಿದ್ದುವು. ಕನ್ನಡದಲ್ಲಿ ದುರ್ಗಸಿಂಹ ಆ ಕಥೆಗಳನ್ನು ಬರೆದದ್ದು ಅದಕ್ಕೆ ಎರಡು ಶತಮಾನ ಮೊದಲು, ಹನ್ನೊಂದನೆಯ ಶತಮಾನದಲ್ಲಿ. ದೂರದ ಊರಿನಲ್ಲಿ ಹಳೆಯ ನೆರೆಯವರು ಸಿಕ್ಕಂತಾಯಿತು.

ಆ ಕಾಲದ ಭಾಷಾಂತರಕಾರರು ಕೆಲಸ ಮಾಡುತ್ತಿದ್ದ ಒಂದು ರೀತಿ ನನಗೆ ತೀರ ಹೊಸದು. ಅರಬ್ಬಿ ಬಲ್ಲ ಯಹೂದ್ಯ ಪಂಡಿತ ಒಬ್ಬ, ಲ್ಯಾಟಿನ್ ಬಲ್ಲ ಪಾದ್ರಿ ಒಬ್ಬ. ಇಬ್ಬರೂ ಎದುರುಬದುರು ಕೂರುವರು. ಮೊದಲನೆಯವನು ಅರಬ್ಬಿ ಶಬ್ದಗಳನ್ನು ಒಂದೊಂದಾಗಿ ಊರಿನ ಆಡುಮಾತಿನಲ್ಲಿ ಬಾಯಿಬಿಟ್ಟು ಹೇಳುವನು. ಎರಡನೆಯವನು ಅದನ್ನು ಕೇಳಿ ಲ್ಯಾಟಿನ್ನಿನಲ್ಲಿ ಬರೆಯುವನು. ಅವಿಸೆನ್ನನ ಆತ್ಮವಿಚಾರದ ಗ್ರಂಥವನ್ನು ಹೀಗೆ ಮಾಡಿದೆವೆಂದು ಅದರ ಮುನ್ನುಡಿಯಲ್ಲಿಯೇ ಇದೆ. ಅಂದರೆ ಎರಡು ಮಹಾಭಾಷೆಗಳ ನಡುವೆ ಸಂತೆಯ ಭಾಷೆ, ಮನೆಯ ಭಾಷೆ ಸೇತುವೆಯಾಗಿ ನಿಂತಿತ್ತು.

ಅರ್ಥವನ್ನು ಬಿಟ್ಟು ಅಕ್ಷರವನ್ನೇ ಹೊತ್ತರೆ ಏನಾಗುತ್ತದೆಂಬುದಕ್ಕೂ ಅದೇ ಹನ್ನೆರಡನೆಯ ಶತಮಾನದ ಒಂದು ನಿದರ್ಶನವಿದೆ. ಆರ್ಯಭಟಾದಿ ನಮ್ಮ ಗಣಿತಜ್ಞರು ವೃತ್ತದ ಕಂಸವನ್ನು ಬಿಲ್ಲೆಂದು ಭಾವಿಸಿ, ಅದರ ಗೆರೆಯನ್ನು ‘ಜ್ಯಾ’ ಅಥವಾ ‘ಜೀವಾ’ ಎಂದರು; ಎಂದರೆ ಬಿಲ್ಲಿನ ಹೆದೆ. ಅರಬರು ಶಬ್ದವನ್ನು ಹಾಗೆಯೇ ತೆಗೆದುಕೊಂಡು ‘ಜೀಬ’ ಎಂದರು. ಅರಬ್ಬಿ ಬರವಣಿಗೆಯಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಮುಂದಿನವರು ಅದನ್ನು ‘ಜೈಬ್’ ಎಂದು ಓದಿದರು. ‘ಜೈಬ್’ ಎಂದರೆ ಅಂಗಿಯ ಎದೆಯ ಭಾಗ, ಮಡಿಲು. ನಾವು ಇಂದಿಗೂ ಹೇಳುವ ‘ಜೇಬು’ ಅದರ ಮಗು. ಲ್ಯಾಟಿನ್ನಿನವರು ಅದನ್ನೇ ‘ಸೈನಸ್’ ಎಂದು ತಿರುಗಿಸಿದರು. ಹೀಗೆ ಹೆದೆ ಹೋಗಿ ಎದೆಯಾಯಿತು! ಇಂಗ್ಲಿಷಿನ ‘ಸೈನ್’ ಗಣಿತದ ಪುಸ್ತಕದಾಚೆ ಹೋಗಲಿಲ್ಲ. ಸ್ಪ್ಯಾನಿಷಿನಲ್ಲಿ ಮಾತ್ರ ಇಂದಿಗೂ ‘ಸೇನೊ’ ಎಂದರೆ ಎದೆಯೂ ಹೌದು, ಶಾಲೆಯ ತ್ರಿಕೋನಮಿತಿಯ ‘ಸೈನ್’ ಸಹ ಹೌದು.

ಆ ಹಳೆಯ ಪರಂಪರೆಯ ಹೆಸರಿನಲ್ಲಿ ೧೯೯೪ರಲ್ಲಿ ಊರಿನಲ್ಲಿ ಮತ್ತೆ ಭಾಷಾಂತರಕಾರರ ವಿದ್ಯಾಲಯವೊಂದು ಪ್ರಾರಂಭವಾಗಿದೆ. ಹೊರಗಿನಿಂದಲೇ ಅದಕ್ಕೆ ಕೈಮುಗಿದು, ಬೀಗರ ಮನೆಯ ಕಡೆ ನಡೆದೆವು.

ಬೀಗರು ಜೀವಮಾನವೆಲ್ಲ ಉಕ್ಕಿನ ಮೇಲೆ ಚಿನ್ನದ ಎಳೆ ಕೂರಿಸುವ ಕೆಲಸ ಮಾಡಿದವರು. ತೊಲೇದೊದ ಈ ಕೆಲಸ ಲೋಕಪ್ರಸಿದ್ಧ. ಕಪ್ಪು ನೆಲದ ಮೇಲೆ ಹೊಳೆಯುವ ಬಳ್ಳಿಗಳನ್ನು ನೋಡಿದಾಗ ನನಗೆ ಬೀದರಿನ ಬಿದರಿ ಕೆಲಸ ನೆನಪಾಯಿತು. ಅಲ್ಲಿ ಬೆಳ್ಳಿ, ಇಲ್ಲಿ ಚಿನ್ನ. ಬೀಗಿತ್ತಿ ನಮ್ಮ ಸಸ್ಯಾಹಾರ ತಿಳಿದು, ಬದನೆ, ಟೊಮೆಟೊ, ದೊಣ್ಣೆಮೆಣಸಿನಕಾಯಿಗಳನ್ನು ಎಣ್ಣೆಯಲ್ಲಿ ಬೇಯಿಸಿದ ‘ಪಿಸ್ತೊ’ ಮಾಡಿದ್ದರು. ಕೊನೆಗೆ ಊರಿನ ಹೆಸರಾಂತ ಮಿಠಾಯಿ ‘ಮಥಪಾನ್’, ನಮ್ಮ ಬಾದಾಮಿ ಬರ್ಫಿಯ ದಾಯಾದಿ. ಸತ್ಕಾರದಲ್ಲಿ ಒಂದು ಕೊರತೆಯಿಲ್ಲ. ಆದರೆ ಏನೋ ಒಂದು ಪರದೆ ನಡುವೆ ಇದ್ದಂತೆಯೇ ಇತ್ತು.

ಊಟ ಮುಗಿಯಿತು, ಮಗು ಮಲಗಿತು. ಬೀಗಿತ್ತಿ ಎದ್ದುಹೋಗಿ ಒಂದು ಲಕೋಟೆ ತಂದರು. ದೂರದಿಂದಲೇ ನನ್ನ ಕೈಬರಹದ ಗುರುತು ಸಿಕ್ಕಿತು. ಅವರು ಒಂದು ಸಾಲಿನ ಮೇಲೆ ಬೆರಳಿಟ್ಟು ಮೆಲ್ಲನೆ ಓದಿದರು: “ನೊಸೊತ್ರೊಸ್ ಸೊಪೊರ್ತಾಮೊಸ್ ಎಸ್ತೆ ಮಾತ್ರಿಮೋನಿಯೊ.” ಸೊಸೆಯ ಮುಖ ಕೆಂಪಾಯಿತು. ಆ ಕಾಗದವನ್ನು ಅವಳು ಅಂದಿನವರೆಗೆ ಕಂಡಿರಲೇ ಇಲ್ಲ. ಮಗಳ ಸಂಸಾರದಲ್ಲಿ ಕಹಿ ಬೀಳಬಾರದೆಂದು ತಂದೆತಾಯಿ ಎರಡು ವರ್ಷ ಅದನ್ನು ಪೆಟ್ಟಿಗೆಯಲ್ಲಿ ಮುಚ್ಚಿಟ್ಟಿದ್ದರು. ಬೀಗಿತ್ತಿ ಏನನ್ನೋ ಕೇಳಿದರು. ಸೊಸೆ ಅದನ್ನು ಹೇಳಲಾರದೆ ತಲೆತಗ್ಗಿಸಿದಳು. ಮಗ ಕನ್ನಡದಲ್ಲಿ ಹೇಳಿದ: “ಅಪ್ಪಾ, ‘ಈ ಮದುವೆಯನ್ನು ನಾವು ಸಹಿಸಿಕೊಳ್ಳುತ್ತೇವೆ’ ಅಂತ ನೀವು ಬರೆದೀರಿ. ಸಹಿಸಿಕೊಳ್ಳೂವಂಥ ಏನು ಕೊರತೆ ನಮ್ಮ ಹುಡುಗಿಯಲ್ಲಿ ಕಂಡಿರಿ, ಅಂತ ಕೇಳತಾರ.”

ನನ್ನ ಕಾಲ ಕೆಳಗಿನ ನೆಲ ಕುಸಿದಂತಾಯಿತು. ಚೀಲದಿಂದ ಕೋಶ ತೆಗೆದು, ಇಂಗ್ಲಿಷಿನಲ್ಲಿ ವಾದ ಪ್ರಾರಂಭಿಸಿದೆ: ಕಂಬ ಮಾಡನ್ನು ‘ಸಪೋರ್ಟ್’ ಮಾಡುತ್ತದೆ, ತಂದೆ ಮಕ್ಕಳನ್ನು ‘ಸಪೋರ್ಟ್’ ಮಾಡುತ್ತಾನೆ, ಜನ ತಮ್ಮ ಪಕ್ಷವನ್ನು ‘ಸಪೋರ್ಟ್’ ಮಾಡುತ್ತಾರೆ. ಸೊಸೆ ಒಂದೊಂದನ್ನೂ ತಿರುಗಿಸಿ ಹೇಳಿದಳು. ‘ಸೊಪೊರ್ತಾರ್’ ಎಂಬುದು ಕಂಬಕ್ಕೆ ಒಪ್ಪುತ್ತದೆ. ಭಾರ ಹೊರುವ ಕೆಲಸ ಅದು. ಮನುಷ್ಯರ ವಿಷಯದಲ್ಲಿ ಆಡಿದರೆ ಹಲ್ಲುಕಚ್ಚಿ ತಡೆದುಕೊಳ್ಳುವುದು ಎಂದೇ ಅರ್ಥ. ‘ಮಾಂತೆನೇರ್’ ಎಂದರೆ ಅನ್ನ ಹಾಕಿ ಸಾಕುವುದು. ನಾನು “ಹೌದು, ಸಾಕು!” ಎಂದು ಕನ್ನಡದಲ್ಲಿ ಉದ್ಗರಿಸಿದೆ. ಸೊಸೆಗೆ ಬರುವ ನಾಲ್ಕು ಕನ್ನಡ ಶಬ್ದಗಳಲ್ಲಿ ‘ಸಾಕು’ ಒಂದು; ಅದನ್ನು ಕಲಿತದ್ದು ಊಟದ ತಟ್ಟೆಯ ಮುಂದೆ. ಮಾವನವರಿಗೆ ಈ ಮದುವೆ ಸಾಕಾಯಿತೆಂದು ತಿಳಿದು ಅವಳು ಇನ್ನಷ್ಟು ಗಾಬರಿಯಾದಳು! ನಾನು ಬಿಡಿಸಿದಷ್ಟೂ ಸಿಕ್ಕು ಬ��ಗಿಯುತ್ತಿತ್ತು.

ಆಗ ನನ್ನ ಹೆಂಡತಿ, “ಅಲ್ರೀ, ಆ ಇಂಗ್ಲಿಷ್ ಬಾಜೂಕ ಇಡ್ರಿ. ನಿಮಗ ಕನ್ನಡದಾಗ ಏನ್ ಹೇಳೂದಿತ್ತು? ಅದನ್ನ ಮೊದಲ ಹೇಳ್ರಿ” ಎಂದಳು.

ನಾನು ಬಾಯಿಮುಚ್ಚಿದೆ. ಏಕೆಂದರೆ ಆ ಮಾತನ್ನು ನಾನು ಕನ್ನಡದಲ್ಲಿ ಒಮ್ಮೆಯೂ ನನಗೆ ನಾನೇ ಹೇಳಿಕೊಂಡಿರಲಿಲ್ಲ. ಹೆತ್ತ ಮಗನ ಮದುವೆ. ಅದರ ಬಗ್ಗೆ ಮನಸ್ಸಿನಲ್ಲಿದ್ದುದನ್ನು ಕಚೇರಿಯ ಭಾಷೆಯಲ್ಲಿ ಮಾತ್ರ ಆಲೋಚಿಸಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಹೇಳಿದೆ: “ನಮ್ಮ ಬೆಂಬಲ ನಿಮಗಿದೆ, ಅಂತ.”

ಮಗ ಎದ್ದುಬಂದು ನನ್ನ ಹಿಂದೆ ನಿಂತ. ಬೆನ್ನಿನ ಮೇಲೆ ಅಂಗೈಯಿಟ್ಟು, ‘ಬೆನ್ನು’ ಎಂದ. ಮುಷ್ಟಿ ಹಿಡಿದು, ‘ಬಲ’ ಎಂದ. ಎರಡೂ ಕೂಡಿ ‘ಬೆಂಬಲ’ ಎಂದು ಅವರ ಭಾಷೆಯಲ್ಲಿ ವಿವರಿಸಿದ. ಇದುವರೆಗೆ ಒಂದೂ ಮಾತಾಡದಿದ್ದ ಬೀಗರು ತಟ್ಟನೆ ತಮ್ಮ ಕುರ್ಚಿಯ ಹಿಂಬದಿಯ ಹಲಗೆಯನ್ನು ಬಡಿದು, “ರೆಸ್ಪಾಲ್ದೊ!” ಎಂದರು. ‘ಎಸ್ಪಾಲ್ದಾ’ ಎಂದರೆ ಬೆನ್ನು. ‘ರೆಸ್ಪಾಲ್ದೊ’ ಎಂದರೆ ಕುರ್ಚಿಯಲ್ಲಿ ಬೆನ್ನಿಗೆ ಆಸರೆಯಾಗುವ ಭಾಗ. ಒಬ್ಬರ ಹಿಂದೆ ನಿಂತು ಕೊಡುವ ಬೆಂಬಲವೂ ಅದೇ ಶಬ್ದ. ಧಾರವಾಡದ ಬೆನ್ನೂ ತೊಲೇದೊದ ಬೆನ್ನೂ ಒಂದೇ ಅರ್ಥದಲ್ಲಿ ನೆಟ್ಟಗೆ ನಿಂತಿದ್ದುವು. ನಡುವೆ ಬಂದ ಇಂಗ್ಲಿಷ್ ಕಂಬವೊಂದೇ ಅಡ್ಡಬಿದ್ದಿತ್ತು.

ಬೀಗಿತ್ತಿ ಕಾಗದವನ್ನು ಮತ್ತೊಮ್ಮೆ ಓದಿದರು. ಈ ಸಲ ನಕ್ಕರು, ನಗುತ್ತ ಕಣ್ಣೊರಸಿಕೊಂಡರು. ನನ್ನ ಹೆಂಡತಿ ಅವರ ಪಕ್ಕಕ್ಕೆ ಹೋಗಿ ಕುಳಿತಳು. ಮಾತಿನ ನಡುವೆ, ನಿಮಗೂ ನಮಗೂ ಆದ ಸಂಬಂಧಕ್ಕೆ ನಿಮ್ಮಲ್ಲಿ ಏನನ್ನುತ್ತಾರೆ ಎಂದು ನಾನು ಕೇಳಿಸಿದೆ. ಇಂಗ್ಲಿಷಿನಲ್ಲಿ ಅತ್ತೆ, ಮಾವ, ನಾದಿನಿ, ಮೈದುನ ಎಲ್ಲರನ್ನೂ ‘ಇನ್-ಲಾಸ್’ ಎಂಬ ಒಂದೇ ಗೋಣಿಚೀಲಕ್ಕೆ ತುಂಬುತ್ತಾರೆ. ಸೊಸೆಯ ತಂದೆಗೆಂದು ಬೇರೆ ಹೆಸರಿಲ್ಲ. “ಕೊನ್ಸ್ವೇಗ್ರೊ” ಎಂದರು ಬೀಗರು. ಹೆಣ್ಣಾದರೆ ಕೊನ್ಸ್ವೇಗ್ರಾ. ಬೀಗರು, ಬೀಗಿತ್ತಿ! ನಮ್ಮ ಷಡ್ಡಕನಿಗೂ ಅವರಲ್ಲಿ ‘ಕೊನ್ಕುನ್ಯಾದೊ’ ಎಂಬ ಶಬ್ದವಿದೆ. ಎರಡು ವರ್ಷದಿಂದ ನಾವು ಒಬ್ಬರಿಗೊಬ್ಬರು ಹೆಸರಿಲ್ಲದ ನೆಂಟರಾಗಿದ್ದೆವು. ಆ ಮಧ್ಯಾಹ್ನ ಹೆಸರು ಸಿಕ್ಕಿತು.

ಇದನ್ನು ಓದಿ, ಕನ್ನಡ ಎಲ್ಲ ಬೀಗಗಳ ಕೀಲಿಕೈ ಎಂದು ನಾನು ಹೇಳುತ್ತಿರುವೆನೆಂದು ಯಾರೂ ತಿಳಿಯಬಾರದು. ಹಿಂದಿರುಗುವ ರೈಲಿನಲ್ಲಿಯೇ ನನ್ನ ಹೆಂಡತಿಯೂ ಎಡವಿದಳು. ನಮ್ಮ ‘ಕೇಳು’ ಒಂದೇ; ಅವರಲ್ಲಿ ಪ್ರಶ್ನೆ ಕೇಳಿದರೆ ‘ಪ್ರೆಗುಂತಾರ್’, ನೀರು ಕೇಳಿದರೆ ‘ಪೆದೀರ್’, ಕಿವಿಯಿಂದ ಕೇಳಿದರೆ ‘ಒಯೀರ್’. ನೀರಿನಲ್ಲಿ ಈಜುವ ಮೀನು ‘ಪೆಥ್’, ಹಿಡಿದ ಮೇಲೆ ‘ಪೆಸ್ಕಾದೊ’. ಮನುಷ್ಯನ ಕಾಲು ‘ಪಿಯೆರ್ನಾ’, ಮೇಜಿನ ಕಾಲು ‘ಪಾತಾ’. ಅವರ ‘ಎಸ್ಪೆರಾರ್’ ಎಂಬುದರಲ್ಲಿ ಕಾಯುವುದು, ಆಶಿಸುವುದು ಎರಡೂ ಅಡಗಿವೆ. ರೈಲು ಕಾಯುವವನೂ ಆಶಿಸುವವನೂ ಅವರಿಗೆ ಒಂದೇ. ಪ್ರತಿಯೊಂದು ಭಾಷೆಯಲ್ಲಿಯೂ ಹಲವು ಬಾಗಿಲಿನ ಮನೆಗಳಿವೆ. ಯಾವ ಬಾಗಿಲಿನಿಂದ ಒಳಗೆ ಹೋಗಬೇಕೆಂಬುದನ್ನು ಶಬ್ದದ ಮುಖ ಹೇಳುವುದಿಲ್ಲ. ನಾವು ಹೇಳಬೇಕಾದ ಅರ್ಥ ಹೇಳುತ್ತದೆ. ಆ ಅರ್ಥವನ್ನು ಮೊದಲು ನಮಗೆ ನಾವೇ ಹೇಳಿಕೊಳ್ಳಬೇಕು. ಅದಕ್ಕೆ ತಾಯಿಯ ಭಾಷೆಯಷ್ಟು ಅನುಕೂಲವಾದ ಜಾಗ ಬೇರೆಯಿಲ್ಲ. ಎಂಟುನೂರು ವರ್ಷಗಳ ಹಿಂದೆ ತೊಲೇದೊದ ಪಂಡಿತರು ಅರಬ್ಬಿಗೂ ಲ್ಯಾಟಿನ್ನಿಗೂ ನಡುವೆ ಸಂತೆಯ ಮಾತನ್ನು ಕೂರಿಸಿದ್ದುದೂ ಇದಕ್ಕೇ ಅಲ್ಲವೇ?

ಪರಊರಿನಲ್ಲಿ ಮಕ್ಕಳನ್ನು ಬೆಳೆಸುವ ನಮ್ಮ ಅನೇಕ ಬಂಧುಗಳು, “ಶಾಲೆಯಲ್ಲಿ ಇಂಗ್ಲಿಷ್, ಹಿಂದಿ, ಮೇಲೆ ಮರಾಠಿಯೋ ತಮಿಳೋ ತೆಲುಗೋ, ಇದರ ಮೇಲೆ ಕನ್ನಡದ ಹೊರೆ ಏಕೆ?” ಎಂದು ಕೇಳುತ್ತಾರೆ. ನಾನೂ ಹಾಗೆ ಕೇಳಿದವನೇ. ಮಗ ಕನ್ನಡ ಉಳಿಸಿಕೊಂಡದ್ದು ನನ್ನಿಂದಲ್ಲ, ಅವನ ತಾಯಿಯ ಹಟದಿಂದ. ಅಂದು ತೊಲೇದೊದಲ್ಲಿ ಅವನಿಗೆ ‘ಬೆಂಬಲ’ ಎಂಬ ಶಬ್ದವನ್ನು ಬಿಡಿಸಿ ಹೇಳಲು ಬಾರದಿದ್ದರೆ ನನ್ನ ಗತಿ ಏನಾಗುತ್ತಿತ್ತು?

ಮುಂಬಯಿಗೆ ಬಂದ ಮೇಲೆ ಬೀಗರಿಗೆ ಎರಡನೆಯ ಕಾಗದ ಬರೆದೆ. ಮೊದಲು ಕನ್ನಡದಲ್ಲಿ ಬರೆದು, ಹೆಂಡತಿಗೆ ಓದಿ ಹೇಳಿದೆ. ಅವಳು ಎರಡು ಕಡೆ ತಿದ್ದಿಸಿದಳು. ಮಗ ಅದನ್ನು ನೇರವಾಗಿ ಸ್ಪ್ಯಾನಿಷಿಗೆ ತಿರುಗಿಸಿದ. ಇಂಗ್ಲಿಷನ್ನು ನಡುವೆ ಕರೆಯಲಿಲ್ಲ. ಉತ್ತರ ಬಂದಿದೆ, ಈ ಸಲ ನಾಲ್ಕು ಪುಟ. ಮೇಲುಗಡೆ, ಸೊಸೆ ಬರೆದುಕೊಟ್ಟದ್ದನ್ನು ನೋಡಿ ನಡುಗುವ ಕೈಯಿಂದ ಬೀಗರೇ ತಿದ್ದಿದ ಮೂರು ಕನ್ನಡ ಅಕ್ಷರಗಳಿವೆ: ‘ಬೀಗರೆ’.